ಹಳೇ ಸರ್ವರಿನ ಟೇಪುಗಳು: ಮೊದಲು ಓದಿಸಿ, ಆಮೇಲೆ ಬರೆಯಿರಿ

ಕಳೆದ ಮಳೆಗಾಲದಲ್ಲಿ ಪರಿಚಯದ ಮುದ್ರಣಾಲಯವೊಂದರಿಂದ ಫೋನ್ ಬಂತು. ಕಬ್ಬಿಣದ ಬೀರು ಖಾಲಿ ಮಾಡುವಾಗ ರಬ್ಬರ್ ಬ್ಯಾಂಡ್ ಹಾಕಿಟ್ಟ 11 ಬ್ಯಾಕಪ್ ಟೇಪುಗಳು (ಸರ್ವರಿನ ಮಾಹಿತಿಯ ಪ್ರತಿ ತೆಗೆದಿಡುವ ಕ್ಯಾಸೆಟ್ಟುಗಳು) ಸಿಕ್ಕಿವೆಯಂತೆ. "ನಮ್ಮ ಹಳೇ ಪುಸ್ತಕಗಳೆಲ್ಲ ಇದರಲ್ಲೇ ಇವೆ ಅಂತ ನಮ್ಮ ತಂದೆ ಹೇಳ್ತಿದ್ರು ಸರ್, ತೆಗೆದುಕೊಡೋಕೆ ಆಗುತ್ತಾ?" ಹೋಗಿ ನೋಡಿದೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಲೇಬಲ್ ಮೇಲೆ ಬಾಲ್‌ಪೆನ್ನಿನಲ್ಲಿ "ಸೋಮ", "ಮಂಗಳ", "ಬುಧ", ಒಂದರ ಮೇಲೆ "ತಿಂಗಳ ಕೊನೆ". ಬೇರೆ ಏನೂ ಇಲ್ಲ. ಸರ್ವರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು.

ಒಂದನ್ನು ಬಿಟ್ಟರೆ ಟೇಪುಗಳು ಹಾಳಾಗಿರಲಿಲ್ಲ. ಅವನ್ನು ಯಾವ ಸಾಫ್ಟ್‌ವೇರ್ ಬರೆದಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಆ "ಅಷ್ಟೇ"ಗೆ ನನ್ನ ಎರಡು ದಿನ ಹೋಯಿತು. ಹಳೇ ಟೇಪು ಹಿಡಿದು ಪೇಚಾಡುತ್ತಿರುವವರಿಗೆ, ಇನ್ನೂ ಹಳೇ ಸರ್ವರನ್ನೇ ನಡೆಸುತ್ತ ರಾತ್ರಿ ಟೇಪು ಹಾಕಿ ಮನೆಗೆ ಹೋಗುವವರಿಗೆ ಈ ಬರಹ.

ಹೆಜ್ಜೆ 1: ಕೈಯಲ್ಲಿರುವುದು ಯಾವ ಟೇಪು?

ಕಾರ್ಟ್ರಿಜ್ ಮೇಲಿನ ಅಚ್ಚಿನ ಅಕ್ಷರ ಓದಿ, ಕೈಬರಹ ನಂಬಬೇಡಿ. ಕಚೇರಿಗಳಲ್ಲಿ ಸಿಗುವುದು ಹೆಚ್ಚಾಗಿ ನಾಲ್ಕು ಜಾತಿ.

ಚಿಕ್ಕದು ಡಿಡಿಎಸ್, ಆಡುಮಾತಿನಲ್ಲಿ ಡ್ಯಾಟ್ ಟೇಪು. ಮೇಲೆ ಮೀಟರ್ ಲೆಕ್ಕ ಬರೆದಿರುತ್ತದೆ: 90 ಮೀಟರ್ ಆದರೆ ಡಿಡಿಎಸ್-1, 2 ಜಿಬಿ, 120 ಆದರೆ ಡಿಡಿಎಸ್-2, 4 ಜಿಬಿ, 125 ಆದರೆ ಡಿಡಿಎಸ್-3, 12 ಜಿಬಿ, 150 ಆದರೆ ಡಿಡಿಎಸ್-4, 20 ಜಿಬಿ, 170 ಆದರೆ ಡ್ಯಾಟ್ 72, 36 ಜಿಬಿ. ಡಬ್ಬಿಯ ಮೇಲೆ ದೊಡ್ಡದಾಗಿ ಇದರ ಎರಡರಷ್ಟು ಹಾಕಿರುತ್ತಾರೆ. ಅದು ಕಂಪ್ರೆಷನ್, ಅಂದರೆ ಮಾಹಿತಿಯನ್ನು ಕುಗ್ಗಿಸಿ ತುಂಬುವುದು, ಆದಮೇಲಿನ ಆಸೆಯ ಲೆಕ್ಕ. ಮೊದಲೇ ಜಿಪ್ ಆದ ಫೈಲು, ಜೆಪೆಗ್ ಚಿತ್ರ ತುಂಬಿದರೆ ಆ ಎರಡರಷ್ಟು ಯಾವತ್ತೂ ಬರುವುದಿಲ್ಲ.

ತಳದಲ್ಲಿ ಅಲ್ಯೂಮಿನಿಯಂ ತಗಡು, ಒಳಗೆ ಎರಡು ಸುರುಳಿ ಕಾಣುವಂಥದ್ದು ಕ್ಯೂಐಸಿ ಅಥವಾ ಅದರ ತಮ್ಮ ಟ್ರಾವನ್. ಅಂಗೈ ತುಂಬುವ ಚೌಕ, ಒಳಗೆ ಒಂದೇ ಸುರುಳಿ ಇದ್ದರೆ ಡಿಎಲ್‌ಟಿ ಅಥವಾ ಎಲ್‌ಟಿಒ. ಎಲ್‌ಟಿಒ 2000ನೇ ಇಸವಿಯಲ್ಲಿ 100 ಜಿಬಿಯಿಂದ ಶುರುವಾಗಿ ಇವತ್ತಿಗೂ ಬೆಳೆಯುತ್ತಲೇ ಇದೆ. ಹಾಗಾಗಿ ಅದರ ಡ್ರೈವ್ (ಟೇಪು ಓದಿ ಬರೆಯುವ ಯಂತ್ರ) ಸಿಗುವುದು ಸುಲಭ. ಆದರೆ ಹೊಸ ಡ್ರೈವ್ ತಂದರೆ ಹಳೇ ಟೇಪು ಓದುತ್ತದೆ ಎಂದುಕೊಳ್ಳಬೇಡಿ. ಎಲ್‌ಟಿಒ-7ರವರೆಗಿನ ಡ್ರೈವ್ ತನಗಿಂತ ಎರಡು ತಲೆಮಾರು ಹಿಂದಿನದನ್ನು ಓದುತ್ತದೆ, ಒಂದು ತಲೆಮಾರು ಹಿಂದಿನದಕ್ಕೆ ಬರೆಯುತ್ತದೆ. ಎಲ್‌ಟಿಒ-1 ಟೇಪಿಗೆ ಎಲ್‌ಟಿಒ-3 ಡ್ರೈವೇ ಕೊನೆ. ಡಿಡಿಎಸ್ ಕಡೆಗೂ ಇದೇ ಕಥೆ: ಡಿಡಿಎಸ್-3 ಟೇಪನ್ನು ಡಿಡಿಎಸ್-4 ಡ್ರೈವ್, ಡ್ಯಾಟ್ 72 ಡ್ರೈವ್ ಓದುತ್ತವೆ, ಡಿಡಿಎಸ್-2 ಹಾಕಿದರೆ ಡ್ಯಾಟ್ 72 ಉಗುಳುತ್ತದೆ.

ಹೆಜ್ಜೆ 2: ಬರೆಯದಂತೆ ಬೀಗ ಹಾಕಿ

ಡ್ರೈವಿನ ಹತ್ತಿರ ಹೋಗುವ ಮೊದಲೇ ಇದು ಆಗಬೇಕು. ಡಿಡಿಎಸ್ ಟೇಪಿನ ಹಿಂಬದಿಯಲ್ಲಿ ಸರಿಯುವ ಪುಟ್ಟ ಬಾಗಿಲಿದೆ. ಉಗುರಿನಿಂದ ಸರಿಸಿ, ತೂತು ತೆರೆದುಕೊಂಡರೆ ಬರೆಯಲಾಗದು. (ಹಾಡಿನ ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ಮುರಿದು ಬೀಗ ಹಾಕುತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.) ಎಲ್‌ಟಿಒದಲ್ಲಿ ಬೀಗದ ಚಿತ್ರವಿರುವ ಗುಂಡಿ ಇದೆ. ಕ್ಯೂಐಸಿಯಲ್ಲಿ "ಸೇಫ್" ಎಂದು ಬರೆದ ತಿರುಗಣೆ ಅಥವಾ ಸರಿಗುಂಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಿಸ್ಕಿನ ಮೇಲೆ ತಪ್ಪಿ ಒಂದು ಸಣ್ಣ ಫೈಲು ಬರೆದರೆ ಹೋಗುವುದು ಅಷ್ಟೇ ಜಾಗ. ಟೇಪು ಹಾಗಲ್ಲ. ಆರಂಭದಲ್ಲಿ ಐದು ಸೆಕೆಂಡು ಬರೆದರೂ ಡ್ರೈವ್ ಅಲ್ಲೇ "ಮಾಹಿತಿ ಇಲ್ಲಿಗೆ ಮುಗಿಯಿತು" ಎಂಬ ಗುರುತು ಹಾಕುತ್ತದೆ. ಅದರಾಚೆ ಹಳೆಯದು ಗಟ್ಟಿಯಾಗಿ ಕೂತಿದ್ದರೂ ಸಾಮಾನ್ಯ ಡ್ರೈವ್ ಆ ಗುರುತು ದಾಟಿ ಓದುವುದಿಲ್ಲ.

ಹೆಜ್ಜೆ 3: ಡ್ರೈವ್ ಮತ್ತು ಸ್ಕಸಿ ಕಾಟ

ಬರೆದ ಡ್ರೈವೇ ಇನ್ನೂ ಇದ್ದರೆ ಅದೇ ಒಳ್ಳೆಯದು. ಡಿಡಿಎಸ್‌ನಲ್ಲಿ ಹೆಡ್ಡು (ಟೇಪನ್ನು ಮುಟ್ಟಿ ಓದಿ ಬರೆಯುವ ಭಾಗ) ತಿರುಗುತ್ತ ಓರೆಗೀಟು ಎಳೆದಂತೆ ಬರೆಯುತ್ತದೆ. ಹೆಡ್ಡಿನ ಜೋಡಣೆ ಕೂದಲೆಳೆಯಷ್ಟು ತಪ್ಪಿದ ಡ್ರೈವ್ ತಾನು ಬರೆದದ್ದನ್ನು ತಾನೇ ಚೆನ್ನಾಗಿ ಓದಿಕೊಳ್ಳುತ್ತದೆ, ಪಕ್ಕದ ಡ್ರೈವಿಗೆ ಅದು ಬರೀ ಗದ್ದಲ. ಹಾಗಾಗಿ ಹಳೇ ಸರ್ವರನ್ನು ಗುಜರಿಗೆ ಹಾಕುವಾಗ ಟೇಪ್ ಡ್ರೈವನ್ನಾದರೂ ಬಿಚ್ಚಿಟ್ಟುಕೊಳ್ಳಿ. ಇಲ್ಲದಿದ್ದರೆ ಹುಡುಕಬೇಕು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, ಚೌಕಾಸಿ ಮಾಡುವ ತಾಳ್ಮೆ ಇರಬೇಕು.

ಆ ಕಾಲದ ಬಹುಪಾಲು ಡ್ರೈವ್ ಸ್ಕಸಿ, ಅಂದರೆ ಕಂಪ್ಯೂಟರಿಗೆ ಸಾಧನ ಜೋಡಿಸುವ ಹಳೇ ಬಗೆಯ ವ್ಯವಸ್ಥೆ. ಕಾರ್ಡ್ ಬೇಕು, ಕೇಬಲ್ ಬೇಕು, ಕೇಬಲ್ಲಿನ ಎರಡೂ ತುದಿಗೆ ಟರ್ಮಿನೇಟರ್ (ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ ಕೊನೆಬಿರಡೆ) ಬೇಕು. ಸ್ಕಸಿ ತೊಂದರೆ ಎಂದು ನನ್ನ ಬಳಿ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಮಿನೇಟರಿನದ್ದೇ: ಒಂದೋ ಇಲ್ಲ, ಇಲ್ಲವೇ ನಡುವೆ ಒಂದು ಹೆಚ್ಚಿಗೆ. ಪ್ರತಿ ಸಾಧನಕ್ಕೂ ಬೇರೆ ಬೇರೆ ಐಡಿ ಇರಬೇಕು. 7 ಕಾರ್ಡಿನದ್ದು, ಅದನ್ನು ಮುಟ್ಟಬೇಡಿ. ಟೇಪಿಗೆ 4, 5 ಅಥವಾ 6 ಕೊಡಿ. ಎಚ್‌ವಿಡಿ (ಹೆಚ್ಚು ವೋಲ್ಟೇಜಿನ ಸ್ಕಸಿ) ಎಂದು ಬರೆದ ಡ್ರೈವನ್ನು ಎಲ್‌ವಿಡಿ (ಕಡಿಮೆ ವೋಲ್ಟೇಜಿನ) ಕಾರ್ಡಿಗೆ ಸಿಕ್ಕಿಸಲೇಬೇಡಿ. ಕನೆಕ್ಟರ್ ಕೂರುತ್ತದೆ, ಒಳಗಿನ ವಿದ್ಯುತ್ ಸಂಕೇತ ಬೇರೆ, ಸುಟ್ಟುಹೋದೀತು. ಯುಎಸ್‌ಬಿಯಿಂದ ಸ್ಕಸಿಗೆ ಹೋಗುವ ಅಡಾಪ್ಟರುಗಳನ್ನು ನಾನಂತೂ ನಂಬುವುದಿಲ್ಲ.

ಹಳೇ ಪಿಸಿಐ ಸ್ಲಾಟಿನ ಪೆಂಟಿಯಂ-4 ಯಂತ್ರವೊಂದು ಸಿಕ್ಕಿದರೆ ಹಬ್ಬ. ಅಡಾಪ್ಟೆಕ್ 2940 ಸರಣಿಯ ಸ್ಕಸಿ ಕಾರ್ಡು ಹಾಕಿ ಲಿನಕ್ಸ್ ಬೂಟ್ ಮಾಡಿದರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ.

ಕ್ಯೂಐಸಿ-80 ಜಾತಿಯ ಕೆಲವು ಡ್ರೈವ್ ಫ್ಲಾಪಿ ಕೇಬಲ್ಲಿಗೇ ಸೇರುತ್ತಿದ್ದವು. ಅವಕ್ಕೆ ನಿಜವಾದ ಫ್ಲಾಪಿ ಕಂಟ್ರೋಲರ್ ಇರುವ ಮದರ್‌ಬೋರ್ಡೇ ಬೇಕು, ಯುಎಸ್‌ಬಿ ಫ್ಲಾಪಿ ನಡೆಯದು. ಅವುಗಳನ್ನು ನಡೆಸುತ್ತಿದ್ದ ಎಫ್‌ಟೇಪ್ ಡ್ರೈವರನ್ನು ಲಿನಕ್ಸ್ ಕರ್ನಲ್ಲಿನಿಂದ ಎಂದೋ ತೆಗೆದುಹಾಕಿದ್ದಾರೆ. ವಿಂಡೋಸ್ 95ರ ಬ್ಯಾಕಪ್ ಇದಕ್ಕೆ ತದ್ವಿರುದ್ಧ: ಅದು ಫ್ಲಾಪಿ ಕೇಬಲ್ಲಿನ, ಪ್ರಿಂಟರ್ ಪೋರ್ಟಿನ ಟೇಪನ್ನಷ್ಟೇ ಗುರುತಿಸುತ್ತಿತ್ತು, ಸ್ಕಸಿ ಟೇಪು ಅದಕ್ಕೆ ಕಾಣುತ್ತಲೇ ಇರಲಿಲ್ಲ.

ಹೆಜ್ಜೆ 4: ಬಲಿಗೊಂದು ಬೇಡದ ಟೇಪು

ಮುಖ್ಯವಾದ ಟೇಪನ್ನು ಪರೀಕ್ಷೆ ಮಾಡದ ಡ್ರೈವಿಗೆ ಹಾಕಬಾರದು. ಕ್ಯೂಐಸಿ ಡ್ರೈವುಗಳ ಒಳಗಿನ ರಬ್ಬರ್ ಉರುಳೆ ವರ್ಷಗಳಾದ ಮೇಲೆ ಕರಗಿ ಬೆಲ್ಲದ ಪಾಕದಂತಾಗಿರುತ್ತದೆ. ಟೇಪು ಅದಕ್ಕೆ ಅಂಟಿತೆಂದರೆ ಮುಗಿಯಿತು. ಕಾರ್ಟ್ರಿಜ್ ಒಳಗಿನ ಬೆಲ್ಟೂ ಸಡಿಲವಾಗಿ ತುಂಡಾಗುವುದುಂಟು. ಮೊದಲು ಬೇಡದ ಟೇಪೊಂದನ್ನು ಹಾಕಿ, ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿಸಿ, ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಗೀರು, ಮಡಿಕೆ, ಕಪ್ಪು ಪುಡಿ ಇಲ್ಲವೆಂದಾದರೆ ಕ್ಲೀನಿಂಗ್ ಕಾರ್ಟ್ರಿಜ್ ಒಮ್ಮೆ ಹಾಕಿ. ಆಮೇಲೆ ಅಸಲಿ.

ಮಲೆನಾಡು, ಕರಾವಳಿಯಲ್ಲಿ ಇನ್ನೊಂದು ಶತ್ರು ಬೂಷ್ಟು. ಕಿಟಕಿಯಿಂದ ಕಾಣುವ ಸುರುಳಿಯ ಅಂಚಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಆ ಟೇಪನ್ನು ಡ್ರೈವಿಗೆ ಹಾಕಲೇಬೇಡಿ. ಒಂದು ಟೇಪಿನ ಬೂಷ್ಟು ಹೆಡ್ಡಿಗೆ ಹತ್ತಿ ಉಳಿದ ಹತ್ತಕ್ಕೂ ಹಂಚುತ್ತದೆ. ಅದು ವೃತ್ತಿಯವರ ಕೆಲಸ. ಚೆನ್ನಾಗಿರುವ ಟೇಪನ್ನೂ ತಣ್ಣಗಿನ ಕೋಣೆಯಿಂದ ತಂದ ತಕ್ಷಣ ಓಡಿಸದೆ, ಡ್ರೈವ್ ಇರುವ ಕೋಣೆಯಲ್ಲೇ ಒಂದು ದಿನ ಬಿಡಿ.

ಹೆಜ್ಜೆ 5: ಮೊದಲು ನಕಲು, ಆಮೇಲೆ ಕುತೂಹಲ

ಟೇಪು ಎಷ್ಟು ಸಲ ಓಡುತ್ತದೋ ಅಷ್ಟು ಸವೆಯುತ್ತದೆ. ಒಳಗೇನಿದೆ ಎಂದು ನಾಲ್ಕು ಸಾಫ್ಟ್‌ವೇರಿನಲ್ಲಿ ಇಣುಕುವ ಬದಲು, ಒಂದೇ ಓಟದಲ್ಲಿ ಇದ್ದದ್ದು ಇದ್ದಂತೆ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಲಿನಕ್ಸಿನ ಡಿಡಿ ಕಮಾಂಡ್ ಸಾಕು.

ಇಲ್ಲಿ ಮೂರು ಸಂಗತಿ ಗೊತ್ತಿರಬೇಕು. ಲಿನಕ್ಸ್ ಒಂದೇ ಡ್ರೈವಿಗೆ ಎರಡು ಹೆಸರು ಕೊಡುತ್ತದೆ: ಎಸ್‌ಟಿ-ಸೊನ್ನೆ ಮತ್ತು ಎನ್‌ಎಸ್‌ಟಿ-ಸೊನ್ನೆ. ಮೊದಲನೆಯದು ಪ್ರತಿ ಕೆಲಸ ಮುಗಿದ ಮೇಲೂ ಟೇಪನ್ನು ಆರಂಭಕ್ಕೆ ಸುತ್ತಿಬಿಡುತ್ತದೆ, ಎರಡನೆಯದು ನಿಂತಲ್ಲೇ ನಿಲ್ಲುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಶುರುವಿನ ದಿನಗಳಲ್ಲಿ ನಾನು ಇದನ್ನು ತಿಳಿಯದೆ ಎರಡು ಬ್ಯಾಕಪ್ಪನ್ನು ಒಂದರ ಹಿಂದೊಂದು ಎಸ್‌ಟಿ-ಸೊನ್ನೆಗೆ ಬರೆದೆ. ಎರಡನೆಯದು ಮೊದಲನೆಯದರ ಎದೆಯ ಮೇಲೆಯೇ ಕೂತಿತ್ತು. ಮೊದಲನೆಯದರಲ್ಲಿ ಲೆಕ್ಕಪತ್ರವಿತ್ತು. ತಿಂಗಳ ವೋಚರುಗಳನ್ನು ಮತ್ತೆ ಕೂತು ಟೈಪ್ ಮಾಡಿದವರು ನನ್ನನ್ನು ಇವತ್ತಿಗೂ "ಎಸ್‌ಟಿ-ಸೊನ್ನೆ" ಎಂದೇ ಕರೆಯುತ್ತಾರೆ.

ಎರಡನೆಯದು, ಬ್ಲಾಕ್ ಗಾತ್ರ. ಟೇಪಿನ ಮೇಲೆ ಮಾಹಿತಿ ತುಂಡು ತುಂಡಾಗಿ ಇರುತ್ತದೆ. ನೀವು ಕೇಳಿದ ತುಂಡು ಅಲ್ಲಿರುವುದಕ್ಕಿಂತ ಚಿಕ್ಕದಾದರೆ "ಮೆಮೊರಿ ಸಾಲದು" ಎಂಬ ದಾರಿ ತಪ್ಪಿಸುವ ಸಂದೇಶ ಬರುತ್ತದೆ. ರ‍್ಯಾಮ್ ಕೊಳ್ಳಲು ಓಡಬೇಡಿ. ಟೇಪ್ ಡ್ರೈವನ್ನು ನಿಯಂತ್ರಿಸುವ ಎಂಟಿ ಕಮಾಂಡಿನಲ್ಲಿ ಸೆಟ್‌ಬ್ಲಾಕ್ ಸೊನ್ನೆ ಕೊಟ್ಟು ಡ್ರೈವನ್ನು ಬದಲಾಗುವ ಗಾತ್ರಕ್ಕೆ ಇಳಿಸಿ, ಡಿಡಿಗೆ ದೊಡ್ಡ ಗಾತ್ರ, ಉದಾಹರಣೆಗೆ 256 ಕೆ, ಕೊಡಿ. ಕೇಳಿದ್ದು ದೊಡ್ಡದಾದರೆ ತೊಂದರೆಯಿಲ್ಲ, ಇದ್ದಷ್ಟೇ ಬರುತ್ತದೆ.

ಮೂರನೆಯದು, ಒಂದು ಟೇಪಿನಲ್ಲಿ ಹಲವು ಫೈಲು ಇರುತ್ತವೆ, ನಡುವೆ ಫೈಲ್‌ಮಾರ್ಕ್ ಎಂಬ ಗಡಿಕಲ್ಲು. ಡಿಡಿ ಪ್ರತಿ ಗಡಿಕಲ್ಲಿಗೂ ನಿಲ್ಲುತ್ತದೆ. ಮೊದಲ ಫೈಲು ಕೆಲವೇ ಕೆಬಿ ಬಂದು ನಿಂತರೆ "ಟೇಪು ಖಾಲಿ" ಎಂದುಕೊಳ್ಳಬೇಡಿ, ಅದು ತಲೆಬರಹ ಇದ್ದೀತು. 001, 002 ಎಂದು ಹೆಸರಿಡುತ್ತ, ಮಾಹಿತಿ ಮುಗಿಯಿತೆಂದು ಡ್ರೈವೇ ಹೇಳುವವರೆಗೆ ಮತ್ತೆ ಮತ್ತೆ ಕೊಡಿ.

ಹೆಜ್ಜೆ 6: ಬರೆದವರು ಯಾರು?

ಇಳಿಸಿಕೊಂಡ ಮೊದಲ ಫೈಲಿನ ತಲೆಯನ್ನು ಹೆಕ್ಸ್ ನೋಟದಲ್ಲಿ (ಫೈಲಿನ ಬೈಟುಗಳನ್ನು ಇದ್ದಂತೆ ತೋರಿಸುವ ನೋಟ) ತೆರೆಯಿರಿ. ಮುದ್ರಣಾಲಯದ "ಸೋಮ" ಟೇಪಿನಲ್ಲಿ ಮೊಟ್ಟಮೊದಲ ನಾಲ್ಕು ಬೈಟು ಇಂಗ್ಲಿಷಿನಲ್ಲಿ "ಟೇಪ್" ಎಂದೇ ಬರೆದಿತ್ತು. ನೋಡಿದ್ದೇ ಕುರ್ಚಿಗೆ ಒರಗಿದೆ. ಅದು ಮೈಕ್ರೋಸಾಫ್ಟ್ ಟೇಪ್ ಫಾರ್ಮ್ಯಾಟ್, ಅಂದರೆ ವಿಂಡೋಸ್ ಎನ್‌ಟಿ ಜತೆಗೇ ಬರುತ್ತಿದ್ದ ಎನ್‌ಟಿಬ್ಯಾಕಪ್ ಅಥವಾ ಬ್ಯಾಕಪ್ ಎಕ್ಸೆಕ್ ಎಂಬ ಬ್ಯಾಕಪ್ ತಂತ್ರಾಂಶ ಬರೆದದ್ದು. 257ನೇ ಬೈಟಿನ ಹತ್ತಿರ "ಯುಸ್ಟಾರ್" ಕಂಡರೆ ಅದು ಟಾರ್ (ಹಲವು ಫೈಲುಗಳನ್ನು ಒಂದಾಗಿ ಕಟ್ಟುವ ಯುನಿಕ್ಸ್ ವಿಧಾನ), ನಿಮ್ಮ ಅದೃಷ್ಟ, ಇವತ್ತಿನ ಯಾವ ಲಿನಕ್ಸಾದರೂ ತೆರೆಯುತ್ತದೆ. 070707 ಎಂದು ಶುರುವಾದರೆ ಸಿಪಿಐಒ, ಅಂಥದ್ದೇ ಇನ್ನೊಂದು ಕಟ್ಟು. ಯುನಿಕ್ಸ್ ಯಂತ್ರಗಳ ಟೇಪಿನಲ್ಲಿ ಇದು ಸಾಮಾನ್ಯ.

ಎನ್‌ಟಿಬ್ಯಾಕಪ್ ಟೇಪಿಗೆ ವಿಂಡೋಸ್ 2000, ಎಕ್ಸ್‌ಪಿ ಅಥವಾ 2003 ಇರುವ ಯಂತ್ರವೇ ನೇರ ದಾರಿ. ವಿಸ್ಟಾದಿಂದ ಅದನ್ನು ಕೈಬಿಟ್ಟರು. ಎಕ್ಸ್‌ಪಿ ಹೋಮ್ ಆದರೆ ಅದು ತಾನಾಗಿ ಇನ್‌ಸ್ಟಾಲ್ ಆಗಿರುವುದಿಲ್ಲ, ಸಿಡಿಯ ವ್ಯಾಲ್ಯೂಆಡ್ ಫೋಲ್ಡರಿನಲ್ಲಿದೆ. ಅಪರಿಚಿತ ಟೇಪು ಹಾಕಿದಾಗ ವಿಂಡೋಸ್ ಒಂದು ಕಿಟಕಿ ತೆರೆದು ಇದನ್ನು ಯಾವ ಮೀಡಿಯಾ ಪೂಲ್‌ಗೆ (ಟೇಪುಗಳ ಗುಂಪಿಗೆ) ಸೇರಿಸಲಿ ಎಂದು ಕೇಳುತ್ತದೆ. ಫ್ರೀ ಪೂಲ್ ಎಂದರೆ "ಇದರ ಮೇಲೆ ಬರೆಯಬಹುದು" ಎಂದು ನೀವೇ ಸಹಿ ಹಾಕಿದಂತೆ. ಆ ಉತ್ತರ ಕೊಡಬೇಡಿ. ಕೊಟ್ಟರೂ ಹೆಜ್ಜೆ 2ರ ಬೀಗ ಕಾಯುತ್ತದೆ ಎನ್ನಿ.

ಒಂದು ಬ್ಯಾಕಪ್ ಮೂರು ಟೇಪಿಗೆ ಹರಡಿ ಕೊನೆಯದು ಕಳೆದಿದ್ದರೆ ಎನ್‌ಟಿಬ್ಯಾಕಪ್ ಅದನ್ನೇ ಕೇಳುತ್ತ ಹಟ ಹಿಡಿಯುತ್ತದೆ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ, ಅಂದರೆ ಕ್ಯಾಟಲಾಗ್, ಇರುವುದು ಕೊನೆಯ ಟೇಪಿನಲ್ಲಿ. ಟೂಲ್ಸ್‌ನಲ್ಲಿ ಆಪ್ಷನ್ಸ್, ಅಲ್ಲಿ ಜನರಲ್. ಮೀಡಿಯಾದ ಮೇಲಿರುವ ಕ್ಯಾಟಲಾಗ್ ಬಳಸು ಎಂಬ ಟಿಕ್ ತೆಗೆದುಬಿಡಿ. ಆಗ ಅದು ಮೊದಲ ಟೇಪಿನಿಂದ ಒಂದೊಂದೇ ಫೈಲು ಓದುತ್ತ ಪಟ್ಟಿ ಕಟ್ಟುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಊಟ ಮಾಡಿಬನ್ನಿ.

ಬ್ಯಾಕಪ್ ಎಕ್ಸೆಕ್ ತನ್ನ ಸಾಫ್ಟ್‌ವೇರ್ ಕಂಪ್ರೆಷನ್‌ನಲ್ಲಿ ಬರೆದಿದ್ದರೆ ಎನ್‌ಟಿಬ್ಯಾಕಪ್ ಕೈಚೆಲ್ಲುತ್ತದೆ, ಬ್ಯಾಕಪ್ ಎಕ್ಸೆಕ್ಕೇ ಬೇಕು. ಹೊಸ ಯಂತ್ರದಲ್ಲಿ ಮೊದಲು ಇನ್ವೆಂಟರಿ, ಆಮೇಲೆ ಕ್ಯಾಟಲಾಗ್ ಮಾಡಿಸಿದ ಮೇಲೆಯೇ ರಿಸ್ಟೋರ್ ಪಟ್ಟಿಯಲ್ಲಿ ಏನಾದರೂ ಕಾಣುವುದು. ಆರ್ಕ್‌ಸರ್ವ್ ಎಂಬ ಇನ್ನೊಂದು ಬ್ಯಾಕಪ್ ತಂತ್ರಾಂಶದಲ್ಲಿ ಇದೇ ಕೆಲಸದ ಹೆಸರು ಮರ್ಜ್. ಪಟ್ಟಿ ಖಾಲಿ ಎಂದು ಗಾಬರಿಯಾಗಬೇಡಿ, ಹೊಸ ಯಂತ್ರಕ್ಕೆ ಹಳೇ ಡೇಟಾಬೇಸ್ ಗೊತ್ತಿಲ್ಲ ಎಂದಷ್ಟೇ ಅರ್ಥ.

ನಾವೆಲ್ ನೆಟ್‌ವೇರ್ (ಹಳೇ ಕಾಲದ ಸರ್ವರ್ ತಂತ್ರಾಂಶ) ಟೇಪುಗಳದ್ದು ಬೇರೆಯೇ ಲೋಕ. ಅಲ್ಲಿ ಫೈಲಿನ ಜತೆ ಯಾರಿಗೆ ಯಾವ ಹಕ್ಕು ಎಂಬ ಟ್ರಸ್ಟೀ ಮಾಹಿತಿಯೂ ಇರುತ್ತದೆ. ಬರೀ ಫೈಲು ಸಾಕೆಂದರೆ ಹಕ್ಕಿನ ಗೊಡವೆ ಬಿಡಬಹುದು.

ಫೈಲು ಹೊರಬಂದ ಮೇಲೆ ಕನ್ನಡದವರಿಗೆ ಇನ್ನೊಂದು ಹೆಜ್ಜೆ ಬಾಕಿ. ಮುದ್ರಣಾಲಯದವರು ಮೊದಲ ಫೈಲು ತೆರೆದು "ಸರ್, ಇದು ಕೆಟ್ಟುಹೋಗಿದೆ" ಎಂದು ಮುಖ ಸಪ್ಪಗೆ ಮಾಡಿಕೊಂಡರು. ತೆರೆಯ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀಟು, ನಡುನಡುವೆ ಪೌಂಡ್ ಚಿಹ್ನೆ. ಆ ಪೌಂಡ್ ಇದ್ದಲ್ಲೆಲ್ಲ "ನ" ಇದೆ ಎಂದೆ. ನುಡಿಯ ಹಳೇ ಫಾಂಟು ಹಾಕಿದ್ದೇ ಪುಟಕ್ಕೆ ಪುಟವೇ ಕನ್ನಡವಾಯಿತು. ಯುನಿಕೋಡ್‌ಗೆ ಮುಂಚಿನ ಕಡತಕ್ಕೆಲ್ಲ ಫಾಂಟು ಬೇಕು ಅಥವಾ ನುಡಿ, ಬರಹಗಳ ಜತೆ ಬರುವ ಪರಿವರ್ತಕ ಬೇಕು. ಅದಕ್ಕೇ ಟೇಪಿನಿಂದ ಫೈಲು ತೆಗೆಯುವಾಗ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ಬಿಡದೆ ತೆಗೆಯಿರಿ.

ಹೆಜ್ಜೆ 7: ಇನ್ನೂ ಟೇಪಿಗೆ ಬರೆಯುತ್ತಿದ್ದೀರಾ?

ಕಾರ್ಖಾನೆಯ ಯಂತ್ರಕ್ಕೆ ಕಟ್ಟಿಹಾಕಿದ ಎನ್‌ಟಿ, ಫಾಕ್ಸ್‌ಪ್ರೋ ಲೆಕ್ಕದ ನೆಟ್‌ವೇರ್ ಇವತ್ತಿಗೂ ಅಲ್ಲಲ್ಲಿ ಉಸಿರಾಡುತ್ತಿವೆ. ನಗಬೇಡಿ, ಬದಲಿಸಲು ಹಣವಿಲ್ಲದವರೂ ಇದ್ದಾರೆ, ಕಾರಣವಿಲ್ಲದವರೂ ಇದ್ದಾರೆ.

ಅಲ್ಲಿನ ಮೊದಲ ಮೋಸ ತೆರೆದ ಫೈಲು. ಎಕ್ಸ್‌ಪಿ ಮತ್ತು 2003ರಲ್ಲಿ ಶ್ಯಾಡೋ ಕಾಪಿ (ತೆರೆದ ಫೈಲಿನದ್ದೂ ಆ ಕ್ಷಣದ ಪ್ರತಿ ಹಿಡಿಯುವ ಸೌಲಭ್ಯ) ಬರುವವರೆಗೆ, ಯಾರೋ ತೆರೆದಿಟ್ಟ ಫೈಲನ್ನು ಎನ್‌ಟಿಬ್ಯಾಕಪ್ ಹಾರಿಸಿಕೊಂಡು ಹೋಗುತ್ತಿತ್ತು. ಕ್ಯಾಷಿಯರ್ ತಂತ್ರಾಂಶ ಮುಚ್ಚದೆ ಮನೆಗೆ ಹೋದರೆ ಅವತ್ತಿನ ಟೇಪಿನಲ್ಲಿ ಎಲ್ಲವೂ ಇರುತ್ತದೆ, ಕ್ಯಾಷ್ ಟೇಬಲ್ ಒಂದು ಬಿಟ್ಟು. ಬ್ಯಾಕಪ್ ಶುರುವಾಗುವ ಮುನ್ನ ಎಲ್ಲರನ್ನೂ ಲಾಗ್‌ಔಟ್ ಮಾಡಿಸಿ. ಬೆಳಿಗ್ಗೆ ಬಂದ ತಕ್ಷಣ ಲಾಗ್ ಫೈಲಿನಲ್ಲಿ "ಸ್ಕಿಪ್" ಎಂಬ ಪದ ಹುಡುಕಿ. ಕೊನೆಯ ಸಾಲಿನ "ಕಂಪ್ಲೀಟೆಡ್" ಓದಿ ನಿಶ್ಚಿಂತೆಯಾಗಬೇಡಿ.

ಎರಡನೆಯದು ವೇಗ. 10 ಮೆಗಾಬಿಟ್ ಹಬ್ ಮೂಲಕ ಸೆಕೆಂಡಿಗೆ ಒಂದು ಎಂಬಿ ಬಂದರೆ ಅದೇ ಪುಣ್ಯ. 8 ಜಿಬಿಗೆ ಎರಡು ಗಂಟೆಯ ಮೇಲಾಗುತ್ತದೆ. ಡಿಡಿಎಸ್-3 ಸುಮಾರು ಅದೇ ವೇಗದ ಡ್ರೈವ್, ಜೋಡಿ ಸರಿಹೋಗುತ್ತದೆ. ಅಲ್ಲಿಗೆ ಸಿಕ್ಕಿತೆಂದು ಎಲ್‌ಟಿಒ ತಂದು ಹಾಕಿದರೆ ಡ್ರೈವ್ ಹಸಿದು ನಿಲ್ಲುತ್ತದೆ: ಬರೆಯುತ್ತದೆ, ಮಾಹಿತಿ ಬರಲಿಲ್ಲವೆಂದು ನಿಲ್ಲುತ್ತದೆ, ಹಿಂದೆ ಸುತ್ತಿ ಮತ್ತೆ ಓಡುತ್ತದೆ. ಕಿವಿಗೊಟ್ಟರೆ ಬೂಟು ಪಾಲಿಷ್ ಮಾಡಿದಂಥ ಹಿಂದೆಮುಂದೆ ಸದ್ದು ಕೇಳುತ್ತದೆ. ಟೇಪೂ ಹೆಡ್ಡೂ ಸವೆಯುವುದು ಹೀಗೆ. ಮೊದಲು ಸರ್ವರಿನದೇ ಡಿಸ್ಕಿಗೆ ಎಲ್ಲವನ್ನೂ ಕೂಡಿಹಾಕಿ, ಅಲ್ಲಿಂದ ಟೇಪಿಗೆ ಹರಿಸುವುದು ಪರಿಹಾರ. ಅಮಾಂಡಾ ಎಂಬ ಬ್ಯಾಕಪ್ ತಂತ್ರಾಂಶ ಬಳಸುವವರಿಗೆ ಇದು ಹೋಲ್ಡಿಂಗ್ ಡಿಸ್ಕ್ ಎಂಬ ಹೆಸರಿನಲ್ಲಿ ಸಿದ್ಧವಾಗಿದೆ.

ಟೇಪುಗಳ ಸರದಿಗೆ ಅಜ್ಜ-ಅಪ್ಪ-ಮಗ ಪದ್ಧತಿಯೇ ಸಾಕು. ಸೋಮದಿಂದ ಗುರುವಾರದವರೆಗೆ ನಾಲ್ಕು ಮಕ್ಕಳು, ಶುಕ್ರವಾರಕ್ಕೆ ವಾರಕ್ಕೊಬ್ಬ ಅಪ್ಪ, ತಿಂಗಳ ಕೊನೆಗೆ ಒಬ್ಬ ಅಜ್ಜ, ಅಜ್ಜ ಕಟ್ಟಡದ ಹೊರಗೆ ವಾಸ. ದಿನದ ಟೇಪಿಗೆ ಇನ್‌ಕ್ರಿಮೆಂಟಲ್ (ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದಷ್ಟೇ) ಬೇಡ, ಡಿಫರೆನ್ಷಿಯಲ್ (ಕೊನೆಯ ಪೂರ್ಣ ಬ್ಯಾಕಪ್ ಆದಮೇಲೆ ಬದಲಾದದ್ದೆಲ್ಲ) ಇಡಿ ಎನ್ನುವುದು ನನ್ನ ಪಟ್ಟು. ಇನ್‌ಕ್ರಿಮೆಂಟಲ್ ಬ್ಯಾಕಪ್ ಬರೆದ ಮೇಲೆ ಫೈಲು ಬದಲಾಗಿದೆ ಎಂದು ಹೇಳುವ ಆರ್ಕೈವ್ ಗುರುತನ್ನು ಅಳಿಸುತ್ತದೆ, ಹಾಗಾಗಿ ಗುರುವಾರದ ಸ್ಥಿತಿ ಬೇಕಾದರೆ ಪೂರ್ಣ ಬ್ಯಾಕಪ್ ಜತೆ ಅಷ್ಟೂ ದಿನದ ಟೇಪು ಬೇಕು, ಬುಧವಾರದ್ದು ಕೈಕೊಟ್ಟರೆ ಸರಪಳಿ ಅಲ್ಲೇ ಕಡಿಯಿತು. ಡಿಫರೆನ್ಷಿಯಲ್ ಗುರುತು ಅಳಿಸುವುದಿಲ್ಲ, ಎರಡೇ ಟೇಪಿನಲ್ಲಿ ಕೆಲಸ ಮುಗಿಯುತ್ತದೆ. ಜಾಗ ಹೆಚ್ಚು ತಿನ್ನುತ್ತದೆ, ತಿನ್ನಲಿ.

ವೆರಿಫೈ ಟಿಕ್ ಹಾಕಿ. ಅದು ಅದೇ ಡ್ರೈವಿನಲ್ಲಿ ಓದಿ ನೋಡುವುದು ಅಷ್ಟೇ. ಹೆಡ್ಡಿನ ಜೋಡಣೆ ತಪ್ಪಿದ್ದರೆ ಅದಕ್ಕೆ ಗೊತ್ತಾಗದು. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಟೇಪನ್ನು ಬೇರೆ ಡ್ರೈವಿಗೆ, ಬೇರೆ ಯಂತ್ರಕ್ಕೆ ಹಾಕಿ ಒಂದು ಫೋಲ್ಡರ್ ಹೊರತೆಗೆದು, ಫೈಲು ತೆರೆದು ನೋಡಿ.

ಮುದ್ರಣಾಲಯದ 11ರಲ್ಲಿ 10 ಓದಿದವು. "ಬುಧ" ನಡುವೆಯೇ ನಿಂತಿತು, ಅದರಲ್ಲಿದ್ದ ಬಹುಪಾಲು "ತಿಂಗಳ ಕೊನೆ"ಯಲ್ಲಿ ಸಿಕ್ಕಿತು. ವಾಪಸ್ ಕೊಡುವಾಗ ಪ್ರತಿ ಡಬ್ಬಿಯೊಳಗೂ ಒಂದು ಚೀಟಿ ಮಡಚಿಟ್ಟೆ: ಟೇಪು ಡಿಡಿಎಸ್-3. ಬರೆದದ್ದು ವಿಂಡೋಸ್ ಎನ್‌ಟಿ 4, ಎನ್‌ಟಿಬ್ಯಾಕಪ್. ಹಾರ್ಡ್‌ವೇರ್ ಕಂಪ್ರೆಷನ್ ಇದೆ. ಪಾಸ್‌ವರ್ಡ್ ಇಲ್ಲ. ಒಂದೇ ಟೇಪಿನ ಬ್ಯಾಕಪ್. ಫಾಂಟು ನುಡಿ. ಓದಿದ್ದು ಡಿಡಿಎಸ್-4 ಡ್ರೈವಿನಲ್ಲಿ, ಓದಿದ ತಾರೀಖು, ನನ್ನ ಸಹಿ. ಬರೆದದ್ದು ಪೆನ್ಸಿಲಿನಲ್ಲಿ, ಬಾಲ್‌ಪೆನ್ನಿನ ಶಾಯಿ ನಮ್ಮ ಕಡೆಯ ಮಳೆಗಾಲಕ್ಕೆ ಹರಡುತ್ತದೆ.